ಹಳೆಯ ಲ್ಯಾಪ್‌ಟಾಪಿಗೆ ವೈ-ಫೈ ಸಿಗದಾಗ: ದೋಷವನ್ನು ಹುಡುಕುವ ಕ್ರಮ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ರೋಗ ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ. ಮನೆಯಲ್ಲಿ ಅಂತರ್ಜಾಲದ ಸಂಪರ್ಕ ಕೆಟ್ಟಾಗ ನಡೆಯುವುದೂ ಬಹುಮಟ್ಟಿಗೆ ಇದೇ. ಪುಟ ತೆರೆಯಲಿಲ್ಲವೆಂದರೆ ಕೆಲವರು ಕಂಪೆನಿಯವರನ್ನು ಬೈಯುತ್ತಾರೆ, ಕೆಲವರು ಕಂಡ ಕಂಡ ಗುಂಡಿಗಳನ್ನೆಲ್ಲ ಒತ್ತುತ್ತಾರೆ. ಲ್ಯಾಪ್‌ಟಾಪ್ ಹಳೆಯದಾಗಿದ್ದರಂತೂ ವಿಚಾರಣೆಯೇ ಇಲ್ಲದೆ ತೀರ್ಪು ಹೊರಬೀಳುತ್ತದೆ: "ಇದಕ್ಕೆ ವಯಸ್ಸಾಯಿತು, ಗುಜರಿಗೆ ಹಾಕಿ." ದೋಷ ನಿಜವಾಗಿ ಎಲ್ಲಿದೆ ಎಂದು ಕೇಳುವವರು ವಿರಳ. ಅದನ್ನು ಕ್ರಮವಾಗಿ ಕೇಳಿ ತಿಳಿಯುವ ಬಗೆಯನ್ನು ವಿದ್ಯಾರ್ಥಿಗಳಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಇದು ಕನ್ನಡ ಅಧ್ಯಾಪಕರು ಬರೆಯುವ ವಿಷಯವೇ ಎಂದು ನೀವು ಕೇಳಬಹುದು. ಹಳಗನ್ನಡ ಪದ್ಯವೊಂದು ಅರ್ಥವಾಗದಿದ್ದರೆ ನಾವು ಪುಸ್ತಕವನ್ನು ಎಸೆಯುವುದಿಲ್ಲ. ಪದಗಳನ್ನು ಬಿಡಿಸುತ್ತೇವೆ, ಸಂಧಿ ಎಲ್ಲಿ ಆಗಿದೆ ಎಂದು ನೋಡುತ್ತೇವೆ, ಕರ್ತೃ ಯಾವುದು ಕ್ರಿಯೆ ಯಾವುದು ಎಂದು ಅನ್ವಯಿಸುತ್ತೇವೆ. ಆಗ ತೊಡಕಿರುವ ಒಂದೇ ಪದ ಬೇರೆಯಾಗಿ ನಿಲ್ಲುತ್ತದೆ. ಯಂತ್ರದ ದೋಷವನ್ನು ಹುಡುಕುವುದೂ ಇಂಥದೇ ಅನ್ವಯ.

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನಿಮಗೆ ಈ ಸಂಪರ್ಕ ಕೇವಲ ವಿನೋದದ ವಸ್ತುವಲ್ಲ. ಕೇರಳದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಊರಿನಲ್ಲಿ ಕನ್ನಡ ಗ್ರಂಥಾಲಯ ಇಲ್ಲದವರಿಗೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದೆ. ವಿದ್ಯಾರ್ಥಿವೇತನದ ಅರ್ಜಿಗಳು ಅಲ್ಲಿಯೇ ಸಲ್ಲಿಕೆಯಾಗಬೇಕು. ಅಂತರ್ಜಾಲವನ್ನು ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ ಹೇಳಿದೆ. ಆದರೆ ಅನೇಕರ ಮನೆಯಲ್ಲಿರುವುದು ಗಲ್ಫಿನಿಂದ ಮಾವ ತಂದುಕೊಟ್ಟದ್ದೋ, ಮಂಗಳೂರಿನಲ್ಲಿ ಓದು ಮುಗಿಸಿದ ಅಣ್ಣ ಬಿಟ್ಟುಹೋದದ್ದೋ ಆದ ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್. ಅದನ್ನು ಉಳಿಸಿಕೊಳ್ಳುವುದು ಒಂದು ಉಪಯುಕ್ತ ವಿದ್ಯೆ.

ನಾಲ್ಕು ಕೊಂಡಿಗಳು

ನೀವು ಬರೆದ ಕಾಗದವೊಂದು ದೂರದ ಊರಿಗೆ ಹೋಗುವ ದಾರಿಯನ್ನು ನೆನೆಯಿರಿ. ಮೊದಲು ನೀವು ಬರೆಯಬೇಕು. ಬಳಿಕ ತೋಟದ ಕಾಲುದಾರಿಯಲ್ಲಿ ನಡೆದು ಅಂಚೆ ಕಚೇರಿಗೆ ಹೋಗಬೇಕು. ಅಂಚೆ ಕಚೇರಿ ಅದನ್ನು ಸ್ವೀಕರಿಸಬೇಕು. ಕೊನೆಗೆ ಅಂಚೆಯ ಚೀಲ ಊರು ದಾಟಬೇಕು. ಅಂತರ್ಜಾಲದಲ್ಲಿಯೂ ಹೀಗೆಯೇ ನಾಲ್ಕು ಕೊಂಡಿಗಳಿವೆ. 1) ಲ್ಯಾಪ್‌ಟಾಪ್ ಮತ್ತು ಅದರೊಳಗಿನ ವೈ-ಫೈ ಕಾರ್ಡು. 2) ಗಾಳಿಯಲ್ಲಿ ರೇಡಿಯೋ ಅಲೆಗಳು ಸಾಗುವ ದಾರಿ. 3) ಗೋಡೆಯ ಮೇಲೆ ದೀಪ ಮಿನುಗಿಸುತ್ತಿರುವ ರೂಟರ್. 4) ರೂಟರಿನಿಂದ ಹೊರಗೆ ಹೋಗುವ ಫೈಬರ್ ತಂತಿ ಮತ್ತು ಅದರಾಚೆಯ ಪ್ರಪಂಚ.

ಇಲ್ಲಿ ಬಹು ಮುಖ್ಯವಾದ ಒಂದು ಅಂಶವನ್ನು ಗಮನಿಸಬೇಕು. ವೈ-ಫೈ ಬೇರೆ, ಅಂತರ್ಜಾಲ ಬೇರೆ. ಪರದೆಯ ಮೂಲೆಯಲ್ಲಿ ಕಾಣುವ ಬಾಗಿದ ಗೆರೆಗಳು ಲ್ಯಾಪ್‌ಟಾಪಿನಿಂದ ರೂಟರಿನವರೆಗಿನ ದಾರಿಯನ್ನು ಮಾತ್ರ ಅಳೆಯುತ್ತವೆ. ಗೆರೆಗಳೆಲ್ಲ ತುಂಬಿದ್ದರೂ ಹೊರಗಿನ ತಂತಿ ತುಂಡಾಗಿದ್ದರೆ ಒಂದು ಪುಟವೂ ತೆರೆಯದು. ಕಾಲುದಾರಿ ಚೆನ್ನಾಗಿದೆ, ಅಂಚೆಯ ಚೀಲ ಮಾತ್ರ ಹೊರಟಿಲ್ಲ ಎಂದು ಇದರ ಅರ್ಥ.

ಮೊದಲ ಪ್ರಶ್ನೆ: ಬೇರೆ ಉಪಕರಣಕ್ಕೆ ಸಿಗುತ್ತದೆಯೇ?

ಯಾವ ಗುಂಡಿಯನ್ನೂ ಒತ್ತುವ ಮುನ್ನ, ಲ್ಯಾಪ್‌ಟಾಪ್ ಇರುವ ಜಾಗದಲ್ಲಿಯೇ ನಿಂತು, ಅದೇ ವೈ-ಫೈಯಲ್ಲಿ ಒಂದು ಮೊಬೈಲನ್ನು ಪರೀಕ್ಷಿಸಿ. ಮೊಬೈಲಿನ ಸ್ವಂತ ಡೇಟಾವನ್ನು ಮೊದಲು ಆರಿಸಿರಬೇಕು. ಇಲ್ಲವಾದರೆ ಮೊಬೈಲು ತನ್ನ ಗೋಪುರದಿಂದಲೇ ಪುಟವನ್ನು ತಂದು, ವೈ-ಫೈ ಸರಿಯಾಗಿದೆ ಎಂಬ ಭ್ರಮೆ ಹುಟ್ಟಿಸೀತು. ಈ ಪರೀಕ್ಷೆಗೆ ಮೂರು ಬಗೆಯ ಉತ್ತರ ಬರಬಹುದು.

ಮೊಬೈಲಿಗೂ ಸಿಗದಿದ್ದರೆ ಲ್ಯಾಪ್‌ಟಾಪನ್ನು ಮುಟ್ಟಬೇಡಿ. ದೋಷ ರೂಟರಿನಲ್ಲಿದೆ, ಇಲ್ಲವೇ ಅದರಾಚೆಗಿದೆ. ರೂಟರಿನ ವಿದ್ಯುತ್ತನ್ನು ಅರ್ಧ ನಿಮಿಷ ತೆಗೆದು, ಮತ್ತೆ ಕೊಟ್ಟು, ಎರಡು ಮೂರು ನಿಮಿಷ ಕಾಯಿರಿ. ಫೈಬರ್ ಪೆಟ್ಟಿಗೆಯಾದರೆ ಎಲ್.ಓ.ಎಸ್. ಎಂಬ ಅಕ್ಷರಗಳ ಬಳಿ ಒಂದು ದೀಪ ಇರುತ್ತದೆ. ಅದು ಕೆಂಪಾಗಿ ಉರಿದರೆ ತಂತಿಯಲ್ಲಿ ಬೆಳಕಿನ ಸಂಕೇತ ಬರುತ್ತಿಲ್ಲ ಎಂದರ್ಥ. ಗಾಳಿಮಳೆಗೆ ಕೊಂಬೆ ಬಿದ್ದು ತಂತಿ ತುಂಡಾಗಿರಬಹುದು. ಅದನ್ನು ಕಂಪೆನಿಯ ಕೆಲಸಗಾರರೇ ಸರಿಪಡಿಸಬೇಕು.

ಮೊಬೈಲಿಗೆ ಸಿಕ್ಕಿ ಲ್ಯಾಪ್‌ಟಾಪಿಗೆ ಸಿಗದಿದ್ದರೆ ದೋಷ ಲ್ಯಾಪ್‌ಟಾಪಿನಲ್ಲಿರಬಹುದು, ಅಥವಾ ಲ್ಯಾಪ್‌ಟಾಪಿಗೂ ರೂಟರಿಗೂ ನಡುವಿನ ಹೊಂದಾಣಿಕೆಯಲ್ಲಿರಬಹುದು. ರೂಟರಿನ ಬಳಿ ಇಬ್ಬರಿಗೂ ಸಿಕ್ಕಿ, ಒಳಕೋಣೆಯಲ್ಲಿ ಸಿಗದಿದ್ದರೆ ದೋಷ ಗಾಳಿಯ ದಾರಿಯಲ್ಲಿದೆ.

ಎರಡನೆಯ ಪ್ರಶ್ನೆ: ಬೇರೆ ದಾರಿಯಲ್ಲಿ ಸಿಗುತ್ತದೆಯೇ?

ಮೊಬೈಲನ್ನು ಚಾರ್ಜು ಮಾಡುವ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ತೆರೆಯಿರಿ. ತಂತಿಯು ಚಾರ್ಜಿಗೆ ಮಾತ್ರವಲ್ಲದೆ ಮಾಹಿತಿ ಸಾಗಿಸುವುದಕ್ಕೂ ಆಗುವಂಥದಾಗಿರಬೇಕು. ಈಗ ಪುಟ ತೆರೆದರೆ, ಲ್ಯಾಪ್‌ಟಾಪಿನ ಉಳಿದ ಅಂಗಗಳು ಸರಿ ಇವೆ. ನಿಸ್ತಂತು ಭಾಗವನ್ನು ಮಾತ್ರ ಶೋಧಿಸಬೇಕು. ಈ ದಾರಿಯಲ್ಲಿಯೂ ತೆರೆಯದಿದ್ದರೆ ವೈ-ಫೈ ನಿರಪರಾಧಿಯಾಗಿರುವ ಸಂಭವವೇ ಹೆಚ್ಚು. ಹೀಗೆ ಎರಡು ಪ್ರಶ್ನೆಗಳಿಂದಲೇ ಅರ್ಧಕ್ಕಿಂತ ಹೆಚ್ಚು ಕಾರಣಗಳನ್ನು ಬದಿಗಿಡಬಹುದು.

ತುರ್ತು ಕೆಲಸವಿದ್ದರೆ ಈ ತಂತಿಯ ದಾರಿಯಲ್ಲಿ ಕೆಲಸವನ್ನು ಮುಗಿಸಿಕೊಂಡು, ಶೋಧನೆಯನ್ನು ಆಮೇಲೆ ಮುಂದುವರಿಸಬಹುದು.

ಲ್ಯಾಪ್‌ಟಾಪಿನ ಒಳಗೆ

ಹಳೆಯ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಮುಂಭಾಗದಲ್ಲೋ ಪಕ್ಕದಲ್ಲೋ ವೈ-ಫೈಗಾಗಿಯೇ ಒಂದು ಪುಟ್ಟ ಸರಿಸುವ ಸ್ವಿಚ್ಚು ಇರುತ್ತದೆ. ಚೀಲದಲ್ಲಿಡುವಾಗ ಅದು ತಾನಾಗಿ ಸರಿದಿರಬಹುದು. ಇನ್ನು ಕೆಲವದರಲ್ಲಿ ಮೇಲಿನ ಸಾಲಿನ ಕೀಲಿಯೊಂದರ ಮೇಲೆ ಗೋಪುರದ ಅಥವಾ ವಿಮಾನದ ಚಿತ್ರವಿರುತ್ತದೆ. ವಿಮಾನದ ಸ್ಥಿತಿ ಚಾಲ್ತಿಯಲ್ಲಿದ್ದರೆ ಯಾವ ಜಾಲದ ಹೆಸರೂ ಕಾಣದು. ಮೊದಲು ಇದನ್ನು ನೋಡಿ.

ಎರಡನೆಯದಾಗಿ, ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ. ವಿಂಡೋಸ್ 8 ಬಂದಲ್ಲಿಂದ, ಬೇಗನೆ ತೆರೆದುಕೊಳ್ಳಲೆಂದು, ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗವನ್ನು ಹಾಗೆಯೇ ಕಾದಿಡುವ ಏರ್ಪಾಡಿದೆ. ಆದುದರಿಂದ ಮುಚ್ಚಿ ತೆರೆದರೂ ಹಳೆಯ ತೊಡಕು ಉಳಿಯಬಹುದು. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

ಮೂರನೆಯದಾಗಿ, ಉಳಿಸಿಟ್ಟ ಜಾಲದ ಹೆಸರನ್ನು ಅಳಿಸಿ, ಗುಪ್ತಪದವನ್ನು ಮತ್ತೆ ಕೊಡಿ. ರೂಟರಿನ ಗುಪ್ತಪದ ಬದಲಾಗಿದ್ದರೂ ಲ್ಯಾಪ್‌ಟಾಪ್ ಹಳೆಯದನ್ನೇ ಜಪಿಸುತ್ತಿರುವುದುಂಟು. ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳ ವ್ಯತ್ಯಾಸ ಇಲ್ಲಿ ಹ್ರಸ್ವ ದೀರ್ಘಗಳಷ್ಟೇ ಮುಖ್ಯ.

ನಾಲ್ಕನೆಯದು ಡ್ರೈವರ್. ವೈ-ಫೈ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಸಣ್ಣ ತಂತ್ರಾಂಶ ಇದು. ವ್ಯವಸ್ಥೆಯನ್ನು ಹೊಸದಕ್ಕೆ ಬದಲಾಯಿಸಿದ ಮರುದಿನವೇ ವೈ-ಫೈ ಮಾಯವಾದರೆ ಅನುಮಾನ ಇದರ ಮೇಲೆಯೇ. ಲಿನಕ್ಸಿನಲ್ಲಿ ಬ್ರಾಡ್‌ಕಾಮ್ ಕಂಪೆನಿಯ ಕೆಲವು ಹಳೆಯ ಕಾರ್ಡುಗಳಿಗೆ ಡ್ರೈವರನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ. ಅದನ್ನು ತರಲು ಅಂತರ್ಜಾಲ ಬೇಕಲ್ಲ ಎಂದರೆ, ಮೇಲೆ ಹೇಳಿದ ಮೊಬೈಲಿನ ತಂತಿ ಇದೆ.

ಐದನೆಯದಾಗಿ, ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಸಂಪರ್ಕ ಹೋಗಿ ಬಂದು ಮಾಡುತ್ತದೆಯೇ ನೋಡಿ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ವೈ-ಫೈಯ ಆಂಟೆನಾ ಪರದೆಯ ಚೌಕಟ್ಟಿನೊಳಗೆ ಇರುತ್ತದೆ. ಅದರ ತಂತಿ ತಿರುಗಣೆಯ ಮೂಲಕ ಕೆಳಗೆ ಇಳಿಯುತ್ತದೆ. ಸಾವಿರಾರು ಸಲ ತೆರೆದು ಮುಚ್ಚಿದ ಯಂತ್ರದಲ್ಲಿ ಆ ತಂತಿ ಸವೆದಿರಬಹುದು. ಇದು ತಿಳಿದವರ ಕೈಯ ಕೆಲಸ.

ಗಾಳಿಯ ದಾರಿ

ವೈ-ಫೈ ಮುಖ್ಯವಾಗಿ ಎರಡು ಕಂಪನಾಂಕಗಳಲ್ಲಿ ನಡೆಯುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ಮೊದಲನೆಯದರದು ಸುಮಾರು 12.5 ಸೆಂಟಿಮೀಟರು, ಎರಡನೆಯದರದು ಸುಮಾರು 6 ಸೆಂಟಿಮೀಟರು. 2.4 ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅಲ್ಲಿ ಜನಸಂದಣಿ ಹೆಚ್ಚು. 5 ಗಿಗಾಹರ್ಟ್ಸ್ ವೇಗವುಳ್ಳದ್ದು, ಆದರೆ ಗೋಡೆಯ ಮುಂದೆ ಬೇಗನೆ ಸೋಲುತ್ತದೆ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆಗಳು ಎರಡನ್ನೂ ಕುಗ್ಗಿಸುತ್ತವೆ. ಅಂಥ ಎರಡು ಗೋಡೆಗಳಾಚೆ ಕುಳಿತು ಲ್ಯಾಪ್‌ಟಾಪನ್ನು ದೂರುವುದು ನ್ಯಾಯವಲ್ಲ.

ರೂಟರನ್ನು ಕಪಾಟಿನೊಳಗೆ, ಫ್ರಿಜ್ಜಿನ ಹಿಂದೆ ಅಥವಾ ನೆಲದ ಮೇಲೆ ಇಡಬಾರದು. ಲೋಹ ಅಲೆಗಳನ್ನು ತಡೆಯುತ್ತದೆ, ನೀರು ಹೀರುತ್ತದೆ. ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸಿನ ಸುತ್ತಲೇ ಕೆಲಸ ಮಾಡುವುದರಿಂದ ಅದು ಉರಿಯುವಾಗ ಸಂಪರ್ಕ ತಡವರಿಸಬಹುದು. ರೂಟರನ್ನು ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ ಇಡುವುದು ಲೇಸು. ಅಕ್ಕಪಕ್ಕದ ಮನೆಗಳ ರೂಟರುಗಳು ಒಂದೇ ಚಾನೆಲಿನಲ್ಲಿ ಮಾತನಾಡುತ್ತಿದ್ದರೆ ಗದ್ದಲವಾಗುತ್ತದೆ. 2.4ರಲ್ಲಿ 1, 6 ಮತ್ತು 11ನೆಯ ಚಾನೆಲುಗಳು ಒಂದನ್ನೊಂದು ತುಳಿಯುವುದಿಲ್ಲ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಹಳಗನ್ನಡ ಮತ್ತು ಹೊಸಗನ್ನಡ

ಹಳೆಯ ಲ್ಯಾಪ್‌ಟಾಪಿಗೆ ವಿಶೇಷವಾದ ತೊಡಕು ಇಲ್ಲಿದೆ. ವೈ-ಫೈಯ ಭಾಷೆ ಕಾಲಕಾಲಕ್ಕೆ ಬದಲಾಗಿದೆ. 802.11 ಎಂಬ ಸಂಖ್ಯೆಯ ಮೊದಲ ನಿಯಮ 1997ರಲ್ಲಿ ಬಂದಿತು. 1999ರ 'ಬಿ' ಎಂಬ ರೂಪ ಸೆಕೆಂಡಿಗೆ ಗರಿಷ್ಠ 11 ಮೆಗಾಬಿಟ್, 2003ರ 'ಜಿ' ರೂಪ 54 ಮೆಗಾಬಿಟ್ ವೇಗದ್ದು. 2009ರಲ್ಲಿ 'ಎನ್', 2013ರಲ್ಲಿ 'ಎಸಿ' ಬಂದವು. 'ಎನ್' ಕಾಲದ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಗೊತ್ತು. 5 ಗಿಗಾಹರ್ಟ್ಸಿನ ಜಾಲ ಅವುಗಳಿಗೆ ಕಾಣಿಸುವುದೇ ಇಲ್ಲ. ಮೊಬೈಲಿಗೆ ಕಾಣುವ ಹೆಸರು ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಕಾರಣ ಇದೇ ಇರಬಹುದು. ರೂಟರಿನಲ್ಲಿ 2.4ನ್ನು ತೆರೆದರೆ ಸಾಕು. ಮೊಬೈಲಿನ ಹಾಟ್‌ಸ್ಪಾಟಿಗೂ ಇದೇ ಮಾತು ಅನ್ವಯಿಸುತ್ತದೆ.

ಗುಪ್ತಪದವನ್ನು ಕಾಯುವ ನಿಯಮಗಳಲ್ಲಿಯೂ ಹಳತು ಹೊಸತು ಇದೆ. ಮೊದಲಿನ ಡಬ್ಲ್ಯೂಇಪಿಯ ದೌರ್ಬಲ್ಯ 2001ರಲ್ಲಿಯೇ ಬಯಲಾಯಿತು. 2003ರಲ್ಲಿ ಡಬ್ಲ್ಯೂಪಿಎ, 2004ರಲ್ಲಿ ಡಬ್ಲ್ಯೂಪಿಎ-2, 2018ರಲ್ಲಿ ಡಬ್ಲ್ಯೂಪಿಎ-3 ಬಂದವು. ರೂಟರು ಮೂರನೆಯದನ್ನು ಮಾತ್ರ ಆಡುವೆನೆಂದು ಹಟ ಹಿಡಿದರೆ, ಎರಡನೆಯದರವರೆಗೆ ಕಲಿತ ಲ್ಯಾಪ್‌ಟಾಪಿಗೆ ಹೆಸರು ಕಾಣುತ್ತದೆ, ಸೇರಲು ಮಾತ್ರ ಆಗುವುದಿಲ್ಲ. ಎರಡನ್ನೂ ಬಲ್ಲ ಮಿಶ್ರ ಸ್ಥಿತಿಗೆ ರೂಟರನ್ನು ತರುವುದೇ ಇದಕ್ಕೆ ಪರಿಹಾರ. ಗುಪ್ತಪದವನ್ನೇ ತೆಗೆದುಬಿಡುವುದು ಪರಿಹಾರವಲ್ಲ. ಅದು ಬಾಗಿಲಿನ ಚಿಲಕ ಗಟ್ಟಿಯಾಗಿದೆಯೆಂದು ಬಾಗಿಲನ್ನೇ ಕಿತ್ತಂತೆ.

ಸಂಖ್ಯೆ ಮತ್ತು ಹೆಸರು

ಸೇರಿದೆ, ಆದರೆ ಪುಟ ಬರುತ್ತಿಲ್ಲ ಎಂದಾದರೆ ಯಂತ್ರದೊಡನೆ ನೇರವಾಗಿ ಮಾತನಾಡಬೇಕು. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್, ಲಿನಕ್ಸಿನಲ್ಲಿ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆಯಿರಿ. ಪಿ, ಐ, ಎನ್, ಜಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, ರೂಟರಿನ ಸಂಖ್ಯೆಯನ್ನು ಬರೆಯಿರಿ. ಅದು ಅನೇಕ ಮನೆಗಳಲ್ಲಿ 192.168.1.1 ಆಗಿರುತ್ತದೆ, ರೂಟರಿನ ಅಡಿಯ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. 'ಪಿಂಗ್' ಎಂದರೆ ದೂರದಿಂದ "ಓಯ್" ಎಂದು ಕೂಗಿ ಮಾರುತ್ತರಕ್ಕಾಗಿ ಕಾಯುವುದು. ಉತ್ತರ ಬಂದರೆ ರೂಟರಿನವರೆಗಿನ ದಾರಿ ಸರಿ ಇದೆ.

ಬಳಿಕ 8.8.8.8 ಎಂಬ ಸಂಖ್ಯೆಗೆ ಪಿಂಗ್ ಮಾಡಿ. ಇದು ಗೂಗಲ್ ಕಂಪೆನಿ 2009ರಲ್ಲಿ ಸಾರ್ವಜನಿಕರಿಗೆ ತೆರೆದ ಹೆಸರು-ಸೇವೆಯ ವಿಳಾಸ. ಉತ್ತರ ಬಂದರೆ ಹೊರಗಿನ ತಂತಿಯೂ ಸರಿ. ಸಂಖ್ಯೆಗೆ ಉತ್ತರ ಬಂದು, ಜಾಲತಾಣದ ಹೆಸರಿಗೆ ಮಾತ್ರ ಬರದಿದ್ದರೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಎಂಬ ಸೇವೆ ಕೆಟ್ಟಿದೆ. ಮನೆಯ ಹೆಸರು ಗೊತ್ತು, ಓಣಿ ಗೊತ್ತಿಲ್ಲ ಎಂಬಂತೆ. ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬಲ್ಲಿ 8.8.8.8 ಎಂದು ಕೊಟ್ಟು ನೋಡಬಹುದು. ವಿಂಡೋಸಿನಲ್ಲಿ ನಿಮ್ಮ ಯಂತ್ರದ ವಿಳಾಸ 169.254 ಎಂದು ಆರಂಭವಾಗಿದ್ದರೆ, ರೂಟರು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ. ಸಂಪರ್ಕ ಕಡಿದು ಮತ್ತೆ ಸೇರಿಸಿ. ಲಿನಕ್ಸಿನಲ್ಲಿ ಪಿಂಗ್ ತಾನಾಗಿ ನಿಲ್ಲದು. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬೇಕು.

ಗಡಿಯಾರದ ಚೇಷ್ಟೆ

ಎಲ್ಲವೂ ಸರಿಯಾಗಿದ್ದು, "ಈ ತಾಣ ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಪ್ರತಿ ಪುಟಕ್ಕೂ ಬಂದರೆ ಲ್ಯಾಪ್‌ಟಾಪಿನ ತಾರೀಕು ನೋಡಿ. ಸುರಕ್ಷಿತ ತಾಣಗಳು ತಮ್ಮ ಗುರುತಿನ ಪತ್ರವನ್ನು ತೋರಿಸುತ್ತವೆ. ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಯಂತ್ರದೊಳಗೆ ಗಡಿಯಾರವನ್ನು ನಡೆಸುವ ನಾಣ್ಯದಂಥ ಬ್ಯಾಟರಿ ವರ್ಷಗಳು ಕಳೆದಾಗ ಬರಿದಾಗುತ್ತದೆ. ಆಗ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಇನ್ನೂ ಹುಟ್ಟದ ಪತ್ರವನ್ನು ಯಂತ್ರ ನಂಬುವುದಾದರೂ ಹೇಗೆ? ತಾರೀಕು ತಿದ್ದಿದರೆ ಪುಟಗಳು ತೆರೆದುಕೊಳ್ಳುತ್ತವೆ. ಬ್ಯಾಟರಿಯ ಬೆಲೆಯೂ ಅಲ್ಪ. ತಾರೀಕು ಸರಿಯಿದ್ದೂ ಎಚ್ಚರಿಕೆ ಬರುವುದಾದರೆ ಬ್ರೌಸರ್ ತೀರ ಹಳೆಯದಿರಬಹುದು. ಬಹಳಷ್ಟು ತಾಣಗಳು ಆಧರಿಸಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ ಅನೇಕ ಹಳೆಯ ಉಪಕರಣಗಳಿಗೆ ಈ ಕಷ್ಟ ಬಂದಿತ್ತು.

ಒಂದು ಉದಾಹರಣೆ

ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎನ್.ಎಂ.ಎಂ.ಎಸ್. ಪರೀಕ್ಷೆಗೆ ಅರ್ಜಿ ಹಾಕಬೇಕಿತ್ತು. ಉತ್ತೀರ್ಣಳಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುವ ವಿದ್ಯಾರ್ಥಿವೇತನವದು. ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು. ಮನೆಗೆ ಹೊಸ ಫೈಬರ್ ಸಂಪರ್ಕ ಬಂದಿತ್ತು. ಅಣ್ಣನ 2012ರ ಲ್ಯಾಪ್‌ಟಾಪ್ ಅದಕ್ಕೆ ಸೇರಲೊಲ್ಲದು. "ಮಾಷ್ಟ್ರೇ, ಹೊಸತು ತೆಗೆಯುವಷ್ಟು ಈಗ ಕೈಯಲ್ಲಿಲ್ಲ. ಅಡಿಕೆ ಕೊಟ್ಟ ಮೇಲೆ ನೋಡುವ. ಈ ವರ್ಷ ಅರ್ಜಿ ಬೇಡ" ಎಂದರು ಅವಳ ತಂದೆ.

ನಾವು ಅವಳಿಗೆ ಪ್ರಶ್ನೆಗಳನ್ನು ಮಾತ್ರ ಕೊಟ್ಟೆವು. ಉತ್ತರಗಳನ್ನು ಅವಳೇ ಬರೆದು ತಂದಳು. ಮೊಬೈಲಿಗೆ ಅದೇ ವೈ-ಫೈ ಸಿಗುತ್ತದೆಯೇ? ಸಿಗುತ್ತದೆ. ಆದುದರಿಂದ ತಂತಿ, ರೂಟರ್ ಸರಿ. ಲ್ಯಾಪ್‌ಟಾಪಿಗೆ ಮೊಬೈಲಿನ ಹಾಟ್‌ಸ್ಪಾಟ್ ಸಿಗುತ್ತದೆಯೇ? ಸಿಗುತ್ತದೆ. ಆದುದರಿಂದ ಲ್ಯಾಪ್‌ಟಾಪಿನ ವೈ-ಫೈ ಕಾರ್ಡೂ ಸರಿ. ಅಂದು ಸಂಜೆಯೇ ಹಾಟ್‌ಸ್ಪಾಟಿನ ಮೂಲಕ ಅರ್ಜಿ ಹೋಯಿತು. ಇಬ್ಬರೂ ಆರೋಗ್ಯವಂತರಾದರೆ ಉಳಿದದ್ದು ಇಬ್ಬರ ನಡುವಿನ ಭಾಷೆ. ಮರುದಿನ ತಂದೆಯ ಒಪ್ಪಿಗೆ ಪಡೆದು, ಮೊಬೈಲಿನಿಂದ ರೂಟರಿನ ಪುಟವನ್ನು ತೆರೆದು ನೋಡಿದಾಗ, ಭದ್ರತೆ ಡಬ್ಲ್ಯೂಪಿಎ-3ಕ್ಕೆ ಮಾತ್ರ ಇತ್ತು. ಮಿಶ್ರ ಸ್ಥಿತಿಗೆ ತಂದೊಡನೆ ಲ್ಯಾಪ್‌ಟಾಪ್ ಸೇರಿತು. ಖರ್ಚು ಏನೂ ಇಲ್ಲ. ವಿಚಾರಣೆಯಿಲ್ಲದೆ ತೀರ್ಪು ಕೊಟ್ಟಿದ್ದರೆ ಆ ಹುಡುಗಿಗೆ ಪರೀಕ್ಷೆಯ ಅವಕಾಶವೇ ತಪ್ಪುತ್ತಿತ್ತು.

ಯಾವುದನ್ನು ಮಾಡಬಾರದು, ಯಾವಾಗ ಬಿಡಬೇಕು

ರೂಟರಿನ ಹಿಂಬದಿಯ ಸಣ್ಣ ತೂತಿಗೆ ಸೂಜಿ ಚುಚ್ಚಬೇಡಿ. ಅದು ಕಂಪೆನಿಯವರು ಹಾಕಿಕೊಟ್ಟ ವಿವರಗಳನ್ನೂ ಅಳಿಸಿಬಿಡಬಹುದು. ಹಿರಿಯರಿಗೆ ಹೇಳದೆ ಸೆಟ್ಟಿಂಗು ಬದಲಿಸಬೇಡಿ. ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೊದಲು ಏನಿತ್ತೆಂದು ಪುಸ್ತಕದಲ್ಲಿ ಬರೆದಿಡಿ. ಒಮ್ಮೆಗೆ ಐದನ್ನು ಬದಲಿಸಿ ಸರಿಹೋದರೂ, ಯಾವುದರಿಂದ ಸರಿಹೋಯಿತೆಂದು ತಿಳಿಯದು. ಪರದೆಯ ಮೇಲಿನ ಸಂದೇಶ ಇಂಗ್ಲಿಷಿನಲ್ಲಿರಲಿ, ಮಲಯಾಳದಲ್ಲಿರಲಿ, ಹೆದರಿ ಮುಚ್ಚದೆ ಪದ ಪದವಾಗಿ ಓದಿ. ಎರಡು ಮೂರು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ನಮಗೆ ಅದು ಅಸಾಧ್ಯವೇನಲ್ಲ.

ಕಾರ್ಡೇ ಕೆಟ್ಟಿದ್ದರೆ ಯುಎಸ್‌ಬಿಗೆ ಚುಚ್ಚುವ ಬೆರಳುಗಾತ್ರದ ವೈ-ಫೈ ಉಪಕರಣ ಅಂಗಡಿಗಳಲ್ಲಿ ಸಿಗುತ್ತದೆ. ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಅಂಶವಷ್ಟೇ ಅದಕ್ಕೆ ಸಾಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪೆನಿಯ ಸಾಮಾನ್ಯ ಬೆಂಬಲ ನಿಂತಿದೆ. ಅಂಥ ಯಂತ್ರಕ್ಕೆ ಉಚಿತವಾದ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು. ಕೇರಳದ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ನೀವು ಕಲಿಯುವುದೂ ಲಿನಕ್ಸನ್ನೇ. ತಾಯಿಹಲಗೆಯೇ ಸುಟ್ಟಿದ್ದರೆ, ರಿಪೇರಿಯ ಖರ್ಚು ಯಂತ್ರದ ಬೆಲೆಯನ್ನು ಮೀರಿದರೆ, ಆಗ ಬೀಳ್ಕೊಡುವುದು ಸರಿ. ಆದರೆ ಆ ತೀರ್ಪು ವಿಚಾರಣೆಯ ಕೊನೆಯಲ್ಲಿ ಬರಬೇಕು, ಮೊದಲಲ್ಲಿ ಅಲ್ಲ. ಯಂತ್ರಕ್ಕೆ ಸಲ್ಲುವ ಈ ನ್ಯಾಯ ಮನುಷ್ಯರಿಗೂ ಸಲ್ಲುತ್ತದೆ ಎಂಬುದನ್ನು ನೀವು ಬೆಳೆದಂತೆ ಕಾಣುವಿರಿ.

ಅಭ್ಯಾಸ

1. ವೈ-ಫೈಯ ಗೆರೆಗಳೆಲ್ಲ ತುಂಬಿದ್ದರೂ ಪುಟ ತೆರೆಯದಿರಲು ಎರಡು ಕಾರಣಗಳನ್ನು ಬರೆಯಿರಿ.
2. ಮೊಬೈಲಿನಲ್ಲಿ ವೈ-ಫೈ ಪರೀಕ್ಷಿಸುವಾಗ ಅದರ ಡೇಟಾವನ್ನು ಏಕೆ ಆರಿಸಬೇಕು?
3. ಮೊಬೈಲಿಗೆ ಕಾಣುವ ಜಾಲದ ಹೆಸರು ಹಳೆಯ ಲ್ಯಾಪ್‌ಟಾಪಿಗೆ ಕಾಣದಿದ್ದರೆ ಏನೆಂದು ಊಹಿಸುವಿರಿ?
4. ನಿಮ್ಮ ಮನೆಯ ರೂಟರ್ ಎಲ್ಲಿದೆ? ಓದುವ ಕೋಣೆಗೂ ಅದಕ್ಕೂ ನಡುವೆ ಎಷ್ಟು ಗೋಡೆಗಳಿವೆ? ನಕ್ಷೆ ಬರೆದು, ಅದನ್ನು ಇಡಲು ಉತ್ತಮ ಜಾಗವನ್ನು ಗುರುತಿಸಿ.